ಹೆಸರು ಬರಸಾಕ ಜಾಗ ಇಲ್ಲದ ದಾನ

ಸುಮ್ಮನ ಕಟ್ಟಿ ಮ್ಯಾಲ ಕುಂತ್ರೂ ನನ್ನ ಮುಂದ ಏನರ ಒಂದು ನಡದ ನಡೀತೈತಿ. ಇನ್ನ ಕಾಲೇಜ ಹುಡುಗ್ಯಾರ ಸಂಗಾಟ ಊರೂರು ತಿರಗಿದ್ರ ಬಿಡ್ತೈತೇನು? ನಗೂವಂಥವು ಆದವು ಖರೆ, ಆದ್ರ ನನಗ ನಗಿಗಿಂತ ಸಿಟ್ಟು ಭಾಳ ಬಂದೈತಿ. ಅದಕ್ಕ ಬರದ ಬಿಡ್ತೇನಿ. ಹೊಟ್ಟ್ಯಾಗ ಇಟ್ಕೊಂಡ್ರ ಉಂಡದ್ದು ಕರಗಂಗಿಲ್ಲ ನನಗ.

ಬೆಟಗೇರ್ಯಾಗ ನಮ್ಮ ಎದುರು ಮನಿ ಹುಡುಗಿ ಕಾಲೇಜಿಗೆ ಹೋಗ್ತಾಳ. ಅಕಿ ಬಾಜೂಕ ಕುಂಡ್ರತಿದ್ದ ಗೆಳತಿ, ಲಕ್ಷ್ಮೇಶ್ವರದಾಕಿ, ಹೋದ ವರ್ಷ ತೀರಿಕೊಂಡ್ಲು. ಮಿದುಳಿನ್ಯಾಗ ಗಡ್ಡಿ. "ಇದಕ್ಕ ಇನ್ನೂ ಸರಿಯಾದ ಔಷಧ ಸಿಕ್ಕಿಲ್ಲ" ಅಂದು ಡಾಕ್ಟರ್ರು ಕೈ ಚೆಲ್ಲಿದ್ರಂತ. ನಮ್ಮ ಹುಡುಗಿ ಅತ್ತು ಸುಮ್ಮನ ಕೂಡಾಕಿ ಅಲ್ಲ. "ಸಿಕ್ಕಿಲ್ಲಂದ್ರ ಹುಡುಕವರಿಗೆ ರೊಕ್ಕ ಕಳಸೋಣ" ಅಂತ ಗೆಳತ್ಯಾರನ್ನ ಕೂಡಿಸಿ ಡಬ್ಬಿ ಹಿಡಿದ್ಲು.

ಪ್ರಿನ್ಸಿಪಾಲ ಏನಂದ ಗೊತ್ತೇನು? "ತಿಂಗಳದಾಗ ಡಬ್ಬಿ ತುಂಬಿದ್ರ ಕಳಸ್ರಿ. ಅರ್ಧಮರ್ಧ ಆದ್ರ ಕಳಸಾಕ ಕಾಲೇಜಿಗೆ ನಾಚಿಕಿ. ವಾರ್ಷಿಕ ಗ್ಯಾದರಿಂಗಿನ ಪೆಂಡಾಲಿಗೆ ಹಾಕೋಣ." ಸತ್ತ ಹುಡುಗಿ ಹೆಸರಲೆ ಎತ್ತಿದ ರೊಕ್ಕದಾಗ ಇವರು ಕುಣ್ಯಾಕ ಪೆಂಡಾಲ ಹಾಕ್ತಾರಂತ!

ಹುಡುಗ್ಯಾರನ್ನಷ್ಟ ಪರ ಊರಿಗೆ ಕಳಸಾಕ ತಾಯಂದಿರು ಒಲ್ಲೆ ಅಂದ್ರು. "ಆಯಿ ಹೋದ್ರ ಕಳಸ್ತೇವಿ" ಅಂದ್ರು. ಆಯಿ ಅಂದ್ರ ನಾನು. ನನ್ನ ಬಾಯಿ ಮ್ಯಾಲ ಅವರಿಗೆ ಅಷ್ಟು ಭರೋಸಾ.

ಫ್ಯಾನಿನ ಸಾವ್ಕಾರ

ಮೊದಲ ನಮ್ಮ ಓಣಿ ಅರಿವಿ ಅಂಗಡಿ ಸಾವ್ಕಾರನ ಕಡೆ ಹೋದ್ವಿ. ಈ ಮನಷ್ಯಾನ ಹೆಸರಿಲ್ಲದ ಜಾಗ ಊರಾಗಿಲ್ಲ. ಗುಡಿ ಫ್ಯಾನಿನ ಮೂರೂ ರೆಕ್ಕಿ ಮ್ಯಾಲ ಇವನ ಹೆಸರು, ಕಲ್ಯಾಣ ಮಂಟಪದ ಫ್ಯಾನಿಗೂ ಇವನದ, ಹೆಣ ಒಯ್ಯೂ ಗಾಡಿಗೂ ಇವನದ. ಸತ್ತವರಿಗೂ ಇವನಿಂದ ಬಿಡುಗಡಿ ಇಲ್ಲ.

ಹುಡುಗಿ ಎಲ್ಲಾ ತಿಳಿಸಿ ಹೇಳಿದ್ಲು. ಸಾವ್ಕಾರ ಗೋಣು ಹಾಕಿ ಹಾಕಿ ಕೇಳಿ, "ಎಲ್ಲಾ ಬರೋಬ್ಬರಿ ತಂಗಿ. ನನ್ನ ಹೆಸರು ಎಲ್ಲಿ ಬರಸ್ತೀರಿ?" ಅಂದ.

"ಇದು ಸಂಶೋಧನಾರಿ ಕಾಕಾ. ಹೆಸರು ಬರಸಾಕ ಜಾಗ ಇರಂಗಿಲ್ಲ."

"ಜಾಗ ಇಲ್ಲಂದ್ರ? ಗ್ವಾಡಿ ಇಲ್ಲೇನು? ಕಪಾಟ ಇಲ್ಲೇನು? ಹೋಗಲಿ, ಒಂದು ಬಾಟ್ಲಿ?"

ನನಗ ತಡಕೊಳ್ಳಾಕ ಆಗಲಿಲ್ಲ. "ಔಷಧ ಸಿಗಲಿ ಸಾವ್ಕಾರ್ರ, ಒಂದೊಂದು ಗುಳಿಗಿ ಮ್ಯಾಲ ನಿಮ್ಮ ಹೆಸರು ಹೊಡಸ್ತೇವಿ. ಜನ ಓದಿ ನುಂಗಲಿ."

ಸೀರಿ ನೋಡಾಕ ಬಂದ ಹೆಣ್ಣಮಕ್ಕಳೆಲ್ಲಾ ಕಿಸಕ್ ಅಂತ ನಕ್ರು. ಸಾವ್ಕಾರ ಮಾರಿ ಉಳಿಸಿಕೊಳ್ಳಾಕ, "ಕೊಡ್ತೇನಿ, ಕೊಡ್ತೇನಿ. ಮೊಮ್ಮಗನ ಮದುವಿ ಗದ್ದಲ ಮುಗೀಲಿ" ಅಂದು, ಡಬ್ಬಿ ಮ್ಯಾಲ ಕೈ ಇಟ್ಟು ಫೋಟೋ ತಗಸಿಕೊಂಡ. ಡಬ್ಬಿಯೊಳಗ ಬಿದ್ದದ್ದು ಅವನ ಕೈ ನೆರಳಷ್ಟ.

ಮುಂಡರಗ್ಯಾಗ ತಲಿ ಪಾಳಿ

ಸಂತಿ ದಿನ ಮುಂಡರಗ್ಯಾಗ ಹುಡುಗ್ಯಾರು ಮಿದುಳಿನ ದೊಡ್ಡ ಚಿತ್ರ ತೂಗ ಹಾಕಿದ್ರು. ಕಣ್ಣಿಂದು, ಹಲ್ಲಿಂದು, ಸಕ್ಕರಿ ರೋಗದ್ದು ಅಂತ ಪುಕಟ ಶಿಬಿರ ನೋಡಿ ನೋಡಿ ಜನಕ್ಕ ರೂಢಿ ಬಿದ್ದೈತಿ. ಇದು ತಲೀದು ಅಂತ ತಿಳದು ಪಾಳಿ ಹಚ್ಚಿಬಿಟ್ರು. ಸಿಂಗಟಾಲೂರಿನ ಒಬ್ಬ ಹಿರ್ಯಾ ಪಟಕಾ ಬಿಚ್ಚಿ ನನ್ನ ಮುಂದ ತಲಿ ಬಗ್ಗಿಸಿ ನಿಂತ. "ಎಡಕ್ಕ ಸ್ವಲ್ಪ ಜುಂ ಅಂತೈತ್ರಿ ಡಾಕ್ಟರ ಅಮ್ಮಾ."

"ನಾ ಡಾಕ್ಟರ ಅಲ್ಲಪಾ, ಇದು ರೊಕ್ಕದ ಡಬ್ಬಿ" ಅಂದ್ನಿ. ರೊಕ್ಕ ಅಂದಕೂಡಲೆ ಅವನ ಜುಂ ಹೋತು, ಅವನೂ ಹೋದ.

ಅವನ ಹಿಂದ ಒಬ್ಬಾಕಿ ಅತ್ತಿ ಸೊಸಿ ರಟ್ಟಿ ಹಿಡಕೊಂಡು ಬಂದ್ಲು. "ಇಕಿಗೆ ದಿನಾ ತಲಿ ನೋವಂತ್ರಿ. ಒಲಿ ಮುಂದ ಕುಂತ್ರ ಸಾಕು, ಸುರು ಆಕ್ಕೈತಿ. ತಲ್ಯಾಗ ಏನೂ ಇಲ್ಲಂತ ಒಂದು ಚೀಟಿ ಬರದು ಕೊಡ್ರಿ."

ಸೊಸಿ ಸಾವಕಾಶ ನನ್ನ ಕಿವ್ಯಾಗ ಅಂದ್ಲು: "ನನ್ನ ಗಡ್ಡಿ ತಲ್ಯಾಗಿಲ್ಲರಿ, ಹಿಂದ ನಿಂತೈತಿ."

ಡಬ್ಬಿಗೆ ಆ ದಿನ ಮನಸಾರೆ ಹಾಕಿದಾಕಿ ಅಕಿ ಒಬ್ಬಾಕೇ.

ಶಿರಹಟ್ಟ್ಯಾಗ ಒಂದ ಶಾಲು

ಶಿರಹಟ್ಟ್ಯಾಗ ಯಾವದೋ ಸಂಘದವರು, "ಬರ್ರಿ, ಸನ್ಮಾನ ಮಾಡಿ ದೇಣಿಗಿ ಕೊಡ್ತೇವಿ" ಅಂದ್ರು. ಹೋದ್ವಿ. ಒಬ್ಬ ಮಿದುಳಿನ ಬಗ್ಗೆ ಮಾತಾಡಾಕ ಹತ್ತಿ ತನ್ನ ಮಾವನ ಬಗ್ಗೆ ಮುಗಿಸಿದ. ಹೊತ್ತು ಮುಣಗಿತು. ಆಮ್ಯಾಲ ಸನ್ಮಾನ. ಇದ್ದದ್ದು ಒಂದ ಶಾಲು! ಒಬ್ಬಾಕಿಗೆ ಹೊಚ್ಚೂದು, ಫೋಟೋ ಹೊಡಿಯೂದು, ಬಿಚ್ಚಿ ಇನ್ನೊಬ್ಬಾಕಿಗೆ ಹೊಚ್ಚೂದು. ಹುಡುಗ್ಯಾರು ನಾಚಿ ನೆಲಾ ನೋಡ್ತಿದ್ರು. ಕಡೀಕ ನನ್ನ ಪಾಳಿ.

"ದೇಣಿಗಿ ಎಲ್ಲೆಪಾ?" ಅಂದ್ನಿ.

"ಎಲ್ಲಾ ಹಾರಕ್ಕ, ಮೈಕಿಗೆ, ಚಾ-ಚೂಡಾಕ್ಕ ಖರ್ಚಾತ್ರಿ" ಅಂದ ಅಧ್ಯಕ್ಷ.

ಶಾಲು ಹೊಚಕೊಂಡ ಹೊಂಟ್ನಿ. ಬೆನ್ನ ಹತ್ತಿ ಬಂದ. "ಅಮ್ಮಾರ, ಶಾಲು ಬಿಚ್ಚಿ ಕೊಡ್ರಿ."

"ಹೊಚ್ಚುವಾಗ ಫೋಟೋ ಹೊಡದಿ, ಬಿಚ್ಚೂದರ ಫೋಟೋನೂ ಹೊಡಿ. ಪೇಪರಿಗೆ ಎರಡೂ ಕಳಸೋಣ."

ಅವ ಹೊಳ್ಳಿ ಹೋದ. ನಾ ಬಸ್‌ಸ್ಟ್ಯಾಂಡಿನ್ಯಾಗ ಡಬ್ಬಿಗೆ ರೊಕ್ಕ ಆಗಲಿ ಅಂತ ಆ ಶಾಲು ಸವಾಲ ಕೂಗಿ ಮಾರಾಕ ಹಚ್ಚಿದ್ನಿ. ಕಡೀಕ ಕೊಂಡವರು ಯಾರಂತೀರಿ? ಅದ ಸಂಘದವರು. ಮುಂದಿನ ವಾರ ಮತ್ತೊಂದು ಸನ್ಮಾನ ಇತ್ತಂತ.

ಲಕ್ಷ್ಮೇಶ್ವರದ ಶಾಣ್ಯಾಕಿ

ಇದರಾಗ ನಗಿ ಕಡಿಮಿ. ಸತ್ತ ಹುಡುಗಿ ತಾಯಿ ನಮಗ ಚಾ ಕೊಟ್ಲು. ಮಗಳ ಚೀಲ ಇನ್ನೂ ಗೂಟಕ್ಕ ಹಂಗ ಇತ್ತು. ನಮ್ಮ ಹುಡುಗಿ ಅದನ್ನ ನೋಡಿ ಚಾ ಕುಡಿಲೇ ಇಲ್ಲ. "ಡಬ್ಬಿ ತುಂಬಿಸೇ ಕಳಸ್ತೇನ್ರಿ ಅತ್ತಿ" ಅಂದ್ಲು. ಆ ತಾಯಿ ಅಕಿ ತಲಿ ಮ್ಯಾಲ ಕೈ ಆಡಿಸಿದ್ಲು.

ಅಷ್ಟೊತ್ತಿಗೆ ಬಾಜೂ ಮನ್ಯಾಕಿ ಬಂದು ಕುಂತ್ಲು. ಯಾರೂ ಕೇಳಿದ್ದಿಲ್ಲ, ತಾನ ಸುರು ಮಾಡಿದ್ಲು. "ಹೆಣ್ಣಹುಡುಗ್ಯಾರು ಇಷ್ಟು ಓದಬಾರದ್ರಿ. ಹಗಲೂ ರಾತ್ರಿ ತಲಿ ಓಡಿಸಿದ್ಲು, ಅದಕ್ಕ ಗಡ್ಡಿ ಆತು. ನನ್ನ ಮಗನ್ನ ನೋಡ್ರಿ, ಪುಸ್ತಕ ಮುಟ್ಟಂಗಿಲ್ಲ, ಗುಂಡಕಲ್ಲ ಇದ್ದಂಗ ಅದಾನ."

ತಾಯಿ ಮುಂದ ಕುಂತು ಈ ಮಾತು! ನನ್ನ ಮೈಯೆಲ್ಲಾ ಉರೀತು. "ಚಿಂತಿ ಬಿಡವ್ವಾ" ಅಂದ್ನಿ, "ನಿಮ್ಮ ಮನ್ಯಾಗ ಯಾರಿಗೂ ಈ ರೋಗ ಬರಂಗಿಲ್ಲ. ಗಡ್ಡಿ ಬೆಳಿಬೇಕಂದ್ರ ಮೊದಲ ಮಿದುಳು ಇರಬೇಕು."

ಆ ತಾಯಿ ಸೆರಗು ಬಾಯಿಗೆ ಇಟ್ಕೊಂಡ್ಲು. ಒಂದು ವರ್ಷದ ಮ್ಯಾಲ ಅಕಿ ನಕ್ಕದ್ದು ಅವತ್ತಂತ.

ಮೈಕು ನನ್ನ ಕೈಗೆ ಸಿಕ್ಕಾಗ

ತಿಂಗಳ ಕಡೀ ದಿನಾನ ಕಲ್ಯಾಣ ಮಂಟಪದಾಗ ಸಾವ್ಕಾರನ ಮೊಮ್ಮಗನ ಮದುವಿ. ನಮ್ಮ ಕಡೆ ಅಕ್ಕಿಕಾಳು ಬಿದ್ದ ಮ್ಯಾಲ ಆಯೇರಿ, ಅಂದ್ರ ಉಡುಗೊರಿ, ಮಾಡಿದವರ ಹೆಸರು ಮೈಕಿನ್ಯಾಗ ಕೂಗ್ತಾರ. "ಕಳಸಾಪುರದ ಬೀಗರಿಂದ ಒಂದು ತಾಮ್ರದ ಕೊಡ!" ಕೊಟ್ಟವರು ಮೀಸಿ ತಿರುವಿಕೊಂತ ಕುಂಡ್ರೂದು.

ಹುಡುಗಿ ಡಬ್ಬಿ ಹಿಡಕೊಂಡು ಬಾಗಲದಾಗ ನಿಂತಿದ್ಲು. ತಿಂಗಳಿಡೀ ಊರಾಗ ಕೊಡ್ತೇನಿ ಕೊಡ್ತೇನಿ ಅಂದವರೆಲ್ಲಾ ಮಾರಿ ತಿರುವಿ ಊಟಕ್ಕ ಹೊಂಟ್ರು. ಡಬ್ಬಿ ಅರ್ಧ. ಪ್ರಿನ್ಸಿಪಾಲ ಬಂದು ಡಬ್ಬಿಯೊಳಗ ಹಣಿಕಿ ಹಾಕಿ, "ನಾಳೆ ಪೆಂಡಾಲದವಗ ಹೇಳ್ತೇನಿ" ಅಂದ. ಹುಡುಗಿ ಕಣ್ಣು ತುಂಬಿದ್ವು.

ನಾ ಸೀದಾ ಸ್ಟೇಜ ಹತ್ತಿದ್ನಿ. ಹೆಸರು ಕೂಗಾಂವ ಊಟಕ್ಕ ಹೋಗಿದ್ದ. ಮೈಕು ಹಿಡದ್ನಿ.

"ಕೇಳ್ರೆಪಾ ಕೇಳ್ರಿ! ಕೊಟ್ಟವರ ಹೆಸರು ಆದವು. ಇನ್ನ ಕೊಡ್ತೇನಂದು ಕೊಡದವರದು! ಹಿಟ್ಟಿನ ಗಿರಣಿಯವರು. ಡಬ್ಬಿಗೆ ಕೊಟ್ಟಿಲ್ಲ. ಗಿರಣಿಗೆ ಕರೆಂಟ ಯಾವ ಕಂಬದಿಂದ ಎಳದಾರ ಅನ್ನೂದು ಆಮ್ಯಾಲ ಹೇಳ್ತೇನಿ. ಬಂಗಾರದ ಅಂಗಡಿಯವರು. ಮಲ್ಲಸಮುದ್ರದಾಗ ಹೊಸ ಮನಿ ಕಟ್ಟಿಸ್ಯಾರ. ಅದರಾಗ ಯಾರಿರ್ತಾರ ಅನ್ನೂದು ಅವರ ಹೆಂಡತಿಗೆ ಇನ್ನೂ..."

ಮುಂದ ಹೇಳೂ ಪ್ರಸಂಗನ ಬರಲಿಲ್ಲ. ಜನ ಹೋಳಿಗಿ ಎಲಿ ಬಿಟ್ಟು ಎದ್ದು ಓಡಿದ್ರು. ತುಪ್ಪದ ಕೈಲೇ ನೋಟು ತುರುಕಿ, ನನ್ನ ಕಡೆ ಕೈ ಎತ್ತಿ, "ಹಾಕೇನಬೇ, ನೋಡು, ಹಾಕೇನಿ!" ಅಂತ ಒದರಾಕ ಹತ್ತಿದ್ರು. ನಾ ಯಾರ ಹೆಸರು ತಗದಿದ್ದಿಲ್ಲೋ ಅವರೂ ಬಂದು ಹಾಕಿದ್ರು. ನನಗ ಗೊತ್ತಿಲ್ಲದ್ದು ಇನ್ನೂ ಎಷ್ಟೈತೋ ಊರಾಗ!

"ಇನ್ನ ಪ್ರಿನ್ಸಿಪಾಲರು..." ಅಂದ್ನಿ. "ನಾಳೆನ ಕಳಸ್ತೇವಿ, ಸಂಶೋಧನಾಕ್ಕೇ ಕಳಸ್ತೇವಿ!" ಅಂತ ಆತ ಪಂಕ್ತ್ಯಾಗ ಎದ್ದು ನಿಂತು ಕೂಗಿದ.

"ಇನ್ನ ಈ ಮದುವಿ ಯಜಮಾನರು, ನಮ್ಮ ಸಾವ್ಕಾರ್ರು..."

ಸಾವ್ಕಾರ ಬಂದ ನೋಡ್ರಿ! ಪಟಕಾ ಒಂದ ಕಡೆ, ಧೋತರ ಒಂದ ಕಡೆ. ಡಬ್ಬಿಗೆ ಒಂದು ಕಟ್ಟು ಒತ್ತಿ ಒತ್ತಿ ತುರುಕಿ, ಓಡಿ ಬಂದು ಮೈಕಿಗೆ ಅಡ್ಡ ಕೈ ಇಟ್ಟ. "ಯಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ. ನನ್ನ ಹೆಸರೊಂದು ತಗೀಬ್ಯಾಡ."

ಪಾಪ, ನಮ್ಮ ಹುಡುಗಿಗೆ ಏನು ಗೊತ್ತು? ರಸೀದಿ ಬರಿಯೂ ಪಾವತಿ ಪುಸ್ತಕ ಹಿಡಕೊಂಡು ಬೆನ್ನಿಗೇ ಬಂದ್ಲು. "ಕಾಕಾ, ಪಾವತಿ ಮ್ಯಾಲ ಯಾರ ಹೆಸರು ಬರೀಲಿ?"

ತಲಿ ಮ್ಯಾಲ ಅವನ ಹೆಸರಿನ ಫ್ಯಾನು ಗರಗರ ತಿರಗತಿತ್ತು. ಸಾವ್ಕಾರ ಬೆವರು ಒರಸಿಕೊಂಡ.

"ಯಾರದರ ಬರಿಯವ್ವಾ," ಅಂದ, "ನಂದಷ್ಟ ಬ್ಯಾಡ."