ಅಕ್ಷ ಮುಟ್ಟದ ವಕ್ರರೇಖೆ

ಬಿ.ಎಡ್. ಮುಗಿಸಿ ಎಂಟು ವರ್ಷ ಮನೆಯಲ್ಲೇ ಇದ್ದ ನನಗೆ ಸಿಂಧನೂರಿನ ಒಂದು ಖಾಸಗಿ ಶಾಲೆಯಿಂದ ಶಿಕ್ಷಕಿ ಕೆಲಸದ ಡೆಮೊ ಪಾಠಕ್ಕೆ ಕರೆ ಬಂತು. ಹತ್ತನೇ ತರಗತಿ, ಗಣಿತ. ವಕ್ರರೇಖೆ ಅಕ್ಷಗಳನ್ನು ಎಲ್ಲಿ ದಾಟುತ್ತದೆ ಎಂದು ಕಂಡುಹಿಡಿಯುವ ಪಾಠ. ನನಗದು ನೀರು ಕುಡಿದಷ್ಟು ಸುಲಭ.

ಮಸ್ಕಿ ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಡಲು ಬಂದ ಯಜಮಾನರು, "ಕೈ ಯಾಕ ನಡಗಾಕತ್ತಾವ?" ಎಂದರು.

"ಬೈಕ್ ನಡಗಾಕತ್ತೈತ್ರೀ," ಎಂದೆ. ಬೈಕು ಆಫ್ ಆಗಿ ಐದು ನಿಮಿಷವಾಗಿತ್ತು.

ತರಗತಿಯ ಕೊನೆಯ ಬೆಂಚಿನಲ್ಲಿ ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಬಿಚ್ಚಿ ಕುಳಿತಿದ್ದರು. ಆ ಪೆನ್ನನ್ನೇ ನೋಡುತ್ತ ಬೋರ್ಡಿನತ್ತ ತಿರುಗಿದೆ. ನಾನು ತಯಾರು ಮಾಡಿಕೊಂಡು ಹೋಗಿದ್ದ ಲೆಕ್ಕ y = x² − 5x + 6. ಬೋರ್ಡಿನ ಮೇಲೆ ಆರರ ಜಾಗದಲ್ಲಿ ಕೈ ಎಂಟು ಬರೆಯಿತು. ನನ್ನ ಗಮನಕ್ಕೇ ಬರಲಿಲ್ಲ.

x ಸೊನ್ನೆಯಾದರೆ y ಎಂಟು. ರೇಖೆ y-ಅಕ್ಷವನ್ನು ಅಲ್ಲಿ ದಾಟುತ್ತದೆ ಎಂದೆ. ಮಕ್ಕಳು ತಲೆಯಾಡಿಸಿದರು. ಇನ್ನು x-ಅಕ್ಷ.

"ಗುಣಿಸಿದ್ರ ಎಂಟು, ಕೂಡಿಸಿದ್ರ ಐದು ಬರೋ ಎರಡು ಸಂಖ್ಯೆ ಹೇಳ್ರಿ."

ಮಕ್ಕಳು ಬೆರಳು ಎಣಿಸತೊಡಗಿದರು. ನಾನೂ ಹುಡುಕಿದೆ. ನಾಲ್ಕು, ಎರಡು ಕೂಡಿದರೆ ಆರು. ಎಂಟು, ಒಂದು ಕೂಡಿದರೆ ಒಂಬತ್ತು. ಕೊನೆಗೆ ಮನೆಯಲ್ಲಿ ಬಾಯಿಪಾಠ ಮಾಡಿದ್ದ ಎರಡು ಮತ್ತು ಮೂರನ್ನೇ ಉತ್ತರವೆಂದು ಬರೆದು, ರೇಖೆಯನ್ನು ಬಲವಂತವಾಗಿ ಕೆಳಗೆಳೆದು ಅಕ್ಷ ದಾಟಿಸಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, x ಎರಡು ಹಾಕಿದ್ರ ಸೊನ್ನೆ ಬರವಲ್ದುರೀ. ಎರಡು ಬರ್ತೈತಿ."

"ಮೂರು ಹಾಕಿ ನೋಡವ್ವ."

"ಅದಕ್ಕೂ ಎರಡ ಬರ್ತೈತ್ರೀ."

"ಹಂಗಾದ್ರ ನಡುವ ಎಲ್ಲೋ ದಾಟಿರಬೇಕು."

ಅವಳು ಎರಡೂವರೆ ಹಾಕಿದಳು. "ಒಂದೂ ಮುಕ್ಕಾಲು ಬಂತ್ರೀ. ಇದು ಅಕ್ಷಾನ ಮುಟ್ಟಂಗೇ ಇಲ್ರೀ ಮೇಡಂ. ಮ್ಯಾಲಿಂದ ಮ್ಯಾಲೇ ಹೋಗ್ತೈತಿ."

ಕೆಲವು ವಕ್ರರೇಖೆಗಳು x-ಅಕ್ಷವನ್ನು ಮುಟ್ಟುವುದೇ ಇಲ್ಲ. ಇಷ್ಟು ಹೇಳಿದ್ದರೆ ಮಾನ ಉಳಿಯುತ್ತಿತ್ತು. ನಾನು ಹೇಳಿದ್ದು, "ಬೋರ್ಡ್ ಸ್ವಲ್ಪ ಸೊಟ್ಟ ಐತಿ."

ಇಡೀ ತರಗತಿ ಕತ್ತು ವಾಲಿಸಿ ಬೋರ್ಡ್ ನೋಡಿತು. ಹೆಡ್‌ಮಾಸ್ಟರೂ ವಾಲಿಸಿದರು.

ಆಮೇಲೆ ತಮ್ಮ ಕೋಣೆಗೆ ಕರೆದು ಅವರು ಹೇಳಿದರು: "ಹತ್ತನೇ ಕ್ಲಾಸಿಗೆ ಬ್ಯಾರೆಯವ್ರನ್ನ ನೋಡ್ತೀವ್ರೀ. ಆದ್ರ ಹುಡುಗಿ ತಪ್ಪು ಹಿಡಿದ್ರೂ ನೀವು ಸಿಟ್ಟಾಗ್ಲಿಲ್ಲ. ಒಂದನೇ ಕ್ಲಾಸಿಗೆ ಇಂಥವ್ರ ಬೇಕು."

ಸಿಟ್ಟಾಗಲು ನನಗೆ ಪುರಸೊತ್ತೇ ಇರಲಿಲ್ಲ ಎಂದು ನಾನು ಹೇಳಲಿಲ್ಲ. ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿದೆ.

"ನೌಕರಿ ಸಿಕ್ತ್ರೀ."

"ಗಣಿತದ್ದ ಹೌದಿಲ್ಲೊ?"

"ಹೌದ್ರೀ, ಗಣಿತದ್ದ. ಒಂದರಿಂದ ಇಪ್ಪತ್ತರ ತನಕ ಎಣಿಸೋದು."