ಹಿಂದಿನ ಸೀಟಿಗೊಂದು ಬೈಕು

ಬೈಕಿನ ವಿಷಯ ಎತ್ತಿದರೆ ಸಾಕು, ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಹಾಳಾಗಲಿ, ಆ ಸುದ್ದಿಯೇ ಬೇಡ ಅಂತ ಸುಮ್ಮನಿದ್ದರೆ ಊರವರು ಸುಮ್ಮನಿರಲ್ಲ.

ನಾನು ಕನಕಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಲವತ್ತು ದಾಟುವ ತನಕ ಬಸ್ಸಿನಲ್ಲೇ ಓಡಾಡಿಕೊಂಡಿದ್ದವನು, ಹೋದ ವರ್ಷ ತಮ್ಮ ಬಿಟ್ಟುಹೋದ ಹಳೇ ಕಪ್ಪು ಬೈಕಿನಲ್ಲಿ ಓಡಿಸೋದು ಕಲಿತೆ. ಈಗ ಆ ತಮ್ಮನಿಗೇ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಲಗ್ನಪತ್ರಿಕೆ ಫೋನಿಗೆ ಕಳಿಸಿದರೆ ಒಬ್ಬರೂ ಬರಲ್ಲ. ಗಂಡ ಹೆಂಡತಿ ಜೊತೆಯಲ್ಲಿ ಮನೆಮನೆಗೆ ಹೋಗಿ, ಹೆಂಡತಿ ಕುಂಕುಮ ಕೊಟ್ಟು, ಗಂಡ ಪತ್ರಿಕೆ ಕೊಟ್ಟು ಕರೆಯಬೇಕು. ಒಬ್ಬನೇ ಹೋದರೆ, "ಯಾಕೆ, ನಿನ್ನ ಹೆಂಡ್ತಿಗೆ ನಮ್ಮನೆ ಹೊಸ್ತಿಲು ಕಾಣಕ್ಕಿಲ್ವಾ?" ಅಂತ ಮುನಿಸಿಕೊಂಡು ಮದುವೆಗೇ ಬರದ ಜನ. ಅಪ್ಪ ಅಮ್ಮ ಇಲ್ಲದ್ದರಿಂದ ಕರೆಯೋ ಕೆಲಸ ನಮ್ಮಿಬ್ಬರ ಮೇಲೇ ಬಿತ್ತು. ನೆಂಟರು ನೋಡಿದರೆ ಚನ್ನಪಟ್ಟಣದಿಂದ ಕುದೂರಿನ ತನಕ ಹರಡಿಕೊಂಡಿದ್ದಾರೆ. ಅದರಲ್ಲಿ ಅರ್ಧ ಊರಿಗೆ ಬಸ್ಸೇ ಇಲ್ಲ.

ಬೈಕೇ ಗತಿ. ಆದರೆ ನಮ್ಮನೆಯವಳು ನನ್ನ ಬೈಕಿನ ಹಿಂದೆ ಕೂರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಅವಳು ಹಾಗೆ ಹೇಳೋಕೆ ಒಂದು ಕಾರಣವಿತ್ತು.

೧. ಬಸ್ಸಿನ ಪಕ್ಕದಲ್ಲಿ

ಅವಳ ತವರು ದೊಡ್ಡಆಲಹಳ್ಳಿ. ಮೊದಲನೇ ಸಲ ಇಬ್ಬರೂ ಬೈಕಿನಲ್ಲಿ ಅಲ್ಲಿಗೆ ಹೊರಟಾಗ ದಾರಿಯಲ್ಲಿ ಒಂದು ದಿಬ್ಬದ ಅರ್ಧಕ್ಕೆ ಗಾಡಿ ಏದುಸಿರು ಬಿಟ್ಟು ನಿಂತೇ ಹೋಯಿತು. ಯಾವ ಗೇರು ಹಾಕಬೇಕಿತ್ತೋ, ನಾನು ಯಾವುದು ಹಾಕಿದ್ದೆನೋ, ಆ ದೇವರಿಗೇ ಗೊತ್ತು. ಅವಳು ಇಳಿದು ದಿಬ್ಬವನ್ನು ನಡೆದೇ ಹತ್ತಿ, ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡು ಹೊರಟೇಹೋದಳು.

ಹೆಂಡತಿ ಕೋಪ ಮಾಡಿಕೊಂಡು ಹೋದಾಗ ಹಾಗೇ ಬಿಡೋಕಾಗುತ್ತಾ? ಹೇಗೋ ಸ್ಟಾರ್ಟ್ ಮಾಡಿಕೊಂಡು ಬಸ್ಸಿನ ಬೆನ್ನು ಹತ್ತಿದೆ. ಬಸ್ಸು ನಿಂತಲ್ಲೆಲ್ಲ ನಾನೂ ನಿಂತೆ, ಅವಳು ಕೂತಿದ್ದ ಕಿಟಕಿಯ ಪಕ್ಕಕ್ಕೆ ಬಂದು ಸಣ್ಣಗೆ ಹಾರ್ನ್ ಮಾಡಿದೆ. ಅವಳು ತಿರುಗಿ ನೋಡಲಿಲ್ಲ. ಕಂಡಕ್ಟರು ನೋಡಿದ. ಮುಂದಿನ ಸ್ಟಾಪಿನಲ್ಲಿ ಇಳಿದು ಬಂದು ನನ್ನ ಹ್ಯಾಂಡಲ್ಲು ಹಿಡಿದುಕೊಂಡ.

"ಏನ್ ಸಮಾಚಾರ? ಆಗಿಂದ ನೋಡ್ತಾವ್ನಿ, ಹೆಣ್ಮಕ್ಳ ಕಿಟಕಿ ಪಕ್ಕನೇ ಬತ್ತಿದ್ದೀಯ."

"ಅಲ್ಲಿ ಕೂತಿರೋಳು ನನ್ನ ಹೆಂಡ್ತಿ ಕಣಪ್ಪ."

"ಹೆಂಡ್ತಿ ಬಸ್ಸಲ್ಲಿ, ನೀನು ಬೈಕಲ್ಲಿ. ಯಾರ ಕಿವಿಗೆ ಹೂ ಇಡೋಕೆ ಬಂದಿದ್ದೀಯ?" ಅಂದವನೇ ಕಿಟಕಿಯ ಕಡೆ ತಿರುಗಿ ಕೇಳಿದ, "ಏನವ್ವ, ಇವ್ರು ನಿಮ್ಮ ಯಜಮಾನ್ರಾ?"

ಬಸ್ಸಿನಲ್ಲಿದ್ದವರೆಲ್ಲ ಈ ಕಡೆಗೆ ವಾಲಿದರು. ನಮ್ಮನೆಯವಳು ನನ್ನನ್ನು ಒಂದು ಗಳಿಗೆ ನೋಡಿದಳು.

"ಬೈಕಿಂದ ಇಳಿದ್ರೆ ಹೌದು," ಅಂದಳು.

೨. ಅಡ್ಡ ಕೂತ ಮೇಷ್ಟ್ರು

ಬೇರೆ ಬೈಕು ತಗೊಂಡರೆ ಕೂರುತ್ತೀಯಾ ಅಂತ ಕೇಳಿದೆ. ನೋಡೋಣ ಅಂದಳು. ಅಷ್ಟು ಸಾಕಾಯಿತು ನನಗೆ.

ಸ್ಟಾಫ್ ರೂಮಿನಲ್ಲಿ ಯಾವ ಬೈಕು ಒಳ್ಳೇದು ಅಂತ ಬಾಯಿ ತೆರೆದದ್ದೇ ತಪ್ಪಾಯಿತು. ಪಿಟಿ ಮೇಷ್ಟ್ರು, ದೊಡ್ಡ ಎಂಜಿನ್ನಿಂದು ತಗೊಳ್ಳಿ, ದಿಬ್ಬ ಗೊತ್ತೇ ಆಗಲ್ಲ ಅಂದರು. ವಿಜ್ಞಾನದ ಮೇಡಮ್ಮು, ಹೊಸಬರು ದೊಡ್ಡದು ತಗೊಂಡರೆ ಸೀದಾ ಆಸ್ಪತ್ರೆ ಅಂದರು. ಹೆಡ್ಮಾಸ್ಟರು, ಸ್ಕೂಟರ್ ತಗೊಂಡು ನೆಮ್ಮದಿಯಾಗಿರಿ ಅಂದರು. ಮೂವರು ಹೇಳಿದ್ದೂ ಸರಿ ಅನ್ನಿಸಿತು. ಗಣಿತದಲ್ಲಿ ಹೀಗಾಗಲ್ಲ. ಅಲ್ಲಿ ಒಂದು ಸರಿಯಾದರೆ ಉಳಿದದ್ದು ತಪ್ಪು, ಮನುಷ್ಯ ರಾತ್ರಿ ನಿದ್ದೆ ಮಾಡಬಹುದು.

ಭಾನುವಾರ ರಾಮನಗರದ ಒಂದು ಶೋರೂಮಿಗೆ ಹೋದೆ. ಸೇಲ್ಸಿನ ಹುಡುಗಿ ಸಿಸಿ, ಟಾರ್ಕು, ಎಬಿಎಸ್ಸು ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದಳು. ನಾನು ಎಲ್ಲಕ್ಕೂ ತಲೆ ಆಡಿಸಿ ಕೊನೆಗೆ, "ಹಿಂದೆ ಸೀರೆ ಉಟ್ಟವರು ಅಡ್ಡಡ್ಡ ಕೂತರೆ ಹೇಗಿರುತ್ತಮ್ಮ?" ಅಂದೆ.

"ಮೇಡಮ್ಮೋರನ್ನ ಕರ್ಕೊಂಡು ಬರ್ಬೇಕಿತ್ತು ಸರ್."

"ಅವಳು ಬರಲ್ಲ."

"ಹಂಗಾದ್ರೆ ಅವ್ರ ಬದ್ಲು ನೀವೇ ಕೂತು ನೋಡಿ ಸರ್."

ಹೇಳಿದ್ದು ನ್ಯಾಯವಾಗಿಯೇ ಇತ್ತು. ಸೆಂಟರ್ ಸ್ಟ್ಯಾಂಡು ಹಾಕಿ ನಿಲ್ಲಿಸಿದ್ದ ಬೈಕಿನ ಹಿಂದಿನ ಸೀಟಿನಲ್ಲಿ ಅಡ್ಡ ಕೂತೆ. ಎರಡು ಕಾಲೂ ಒಂದೇ ಕಡೆ, ತೊಡೆಯ ಮೇಲೆ ಬ್ಯಾಗು. ಕುಂಕುಮದ ಡಬ್ಬಿ ಹಿಡಿಯೋಕೆ ಒಂದು ಕೈ ಬೇಕಲ್ಲ ಅಂತ ಒಂದೇ ಕೈಯಲ್ಲಿ ಹಿಂದಿನ ಕಂಬಿ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆಯೇ ಆಯಿತು. ಅವತ್ತು ದಿಬ್ಬದ ತನಕ ಅವಳು ಹೀಗೆ ಹೇಗೆ ಕೂತಿದ್ದಳೋ ಪಾಪ ಅನ್ನಿಸಿತು. ಅಷ್ಟರಲ್ಲಿ ಬಾಗಿಲಿನಿಂದ ನನ್ನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅವರಪ್ಪನ ಜೊತೆ ಒಳಗೆ ಬಂದಳು.

ಅಪ್ಪ ನನ್ನನ್ನು ನೋಡಿ, ಮುಂದಿನ ಖಾಲಿ ಸೀಟು ನೋಡಿ, ಕೈ ಮುಗಿದರು. "ನಮಸ್ಕಾರ ಸಾ. ಓಡ್ಸೋರು ಇನ್ನೂ ಬಂದಿಲ್ವಾ?"

೩. ಮಾಗಡಿಯ ಟ್ರಯಲ್

ಹೊಸದು ನೋಡಿದಷ್ಟೂ ತಲೆ ಕೆಟ್ಟಿತು. ಸೆಕೆಂಡ್ ಹ್ಯಾಂಡೇ ಸರಿ ಅಂತ ಮಾಗಡಿಯಲ್ಲಿ ಒಬ್ಬರ ಮನೆಗೆ ಹೋದೆ. ಗಾಡಿ ಫಳಫಳ ಹೊಳೆಯುತ್ತಿತ್ತು. ಮಾಲೀಕರು ಐವತ್ತರ ಆಸುಪಾಸಿನವರು. ಬೈಕಿನ ಟ್ಯಾಂಕನ್ನು ಸವರುತ್ತಲೇ ಮಾತಾಡಿದರು.

"ಟ್ರಯಲ್ ನೋಡಿ. ನಾನೂ ಹಿಂದೆ ಬತ್ತೀನಿ," ಅಂದರು.

ಒಳ್ಳೆಯದೇ ಆಯಿತು, ಹಿಂದೆ ಒಬ್ಬರು ಕೂತರೆ ಹೇಗಿರುತ್ತೆ ಅಂತಲೂ ಗೊತ್ತಾಗುತ್ತೆ ಅಂದುಕೊಂಡೆ. ಹೊರಟೆವು. ಸಂತೆ ಬೀದಿಯ ಹತ್ತಿರ, "ಒಸಿ ನಿಲ್ಸಿ," ಅಂದರು. ಇಳಿದು ಹೋಗಿ ಒಂದು ಮೂಟೆ ಬೂಸಾ ತಂದು ನಮ್ಮಿಬ್ಬರ ಮಧ್ಯೆ ಇಟ್ಟರು. "ಲೋಡ್ ಇದ್ದಾಗ ಹೆಂಗ್ ಎಳೀತದೆ ನೋಡ್ಬೇಕಲ್ವಾ?" ಅದೂ ನಿಜವೇ. ಅಲ್ಲಿಂದ ಎಡಕ್ಕೆ ಅಂದರು, ಬಲಕ್ಕೆ ಅಂದರು. ನನಗೆ ದಿಕ್ಕೇ ತಪ್ಪಿತು. ಯಾವುದೋ ಹಳ್ಳಿಯಲ್ಲಿ ಅವರ ತಂಗಿ ಮನೆ ಮುಂದೆ ನಿಲ್ಲಿಸಿ ಬೂಸಾ ಇಳಿಸಿದರು. ತಂಗಿ ನನ್ನನ್ನು ಬಾಡಿಗೆ ಗಾಡಿಯವನು ಅಂದುಕೊಂಡು ಹೊರಗಡೆ ಜಗಲಿಯ ಮೇಲೇ ಕಾಫಿ ಕೊಟ್ಟರು. ವಾಪಸ್ ಬರುವಾಗ ಎರಡು ಕುಂಬಳಕಾಯಿ ನಮ್ಮ ಜೊತೆ ಬಂದವು.

ನನಗೆ ಮಾತ್ರ ಗಾಡಿ ಹಿಡಿಸಿತು. ದಿಬ್ಬ ಹತ್ತಿತ್ತು, ಮೂಟೆ ಹೊತ್ತಿತ್ತು. ಅವರ ಮನೆ ಮುಂದೆ ಇಳಿದು, "ನನಗೆ ಒಪ್ಪಿಗೆ," ಅಂದೆ.

ಅವರು ಬೈಕಿನ ಸುತ್ತ ಒಂದು ಸುತ್ತು ಬಂದರು. ಕ್ಲಚ್ಚನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಬೇಜಾರಿನಿಂದಲೇ ಹೇಳಿದರು. "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನೀವು ಒಳ್ಳೆ ಮನುಷ್ರು. ಆದ್ರೆ ನೀವು ಗೇರು ಹಾಕದು ನೋಡಿದ್ಮೇಲೆ ಇದನ್ನ ನಿಮ್ಮ ಕೈಗೆ ಕೊಡೋಕೆ ಜೀವ ಒಪ್ತಿಲ್ಲ."

ಕುಂಬಳಕಾಯಿ ಒಂದನ್ನು ನನಗೇ ಕೊಟ್ಟು ಬಸ್ ಸ್ಟ್ಯಾಂಡಿನ ದಾರಿ ತೋರಿಸಿದರು.

೪. ಜೋಡಿ

ಮದುವೆ ಹತ್ತಿರ ಬಂತು. ಪತ್ರಿಕೆಯ ಕಟ್ಟು ಬಿಚ್ಚದೆ ಹಾಗೇ ಬಿದ್ದಿತ್ತು. ತಮ್ಮ ದಿನಾ ಫೋನ್ ಮಾಡಿ, "ಅಣ್ಣಾ, ಯಾರನ್ನಾದ್ರೂ ಕರೆದ್ಯಾ?" ಅಂತ ಕೇಳೋದು, ನಾನು ಬೈಕಿನ ವಿಷಯ ಹೇಳೋದು. ಹುಡುಗಿ ಕಡೆಯವರು ತುಂಬಿಕೊಂಡು, ನಮ್ಮ ಕಡೆ ಪಂಕ್ತಿ ಖಾಲಿ ಬಿದ್ದರೆ ತಮ್ಮ ಹೇಗೆ ತಲೆ ಎತ್ತಬೇಕು ಅಂತ ನನಗೂ ಒಳಗೊಳಗೇ ಸಂಕಟ.

ಈ ಸುದ್ದಿ ನಮ್ಮ ಮಾವನ ಕಿವಿಗೆ ಬಿತ್ತು. ಮಾವ ಹೊಲ, ಕುರಿ, ಎತ್ತು ಅಂತ ಬದುಕಿದವರು. ಜೊತೆಗೆ ದನದ ದಲ್ಲಾಳಿಯೊಬ್ಬರನ್ನು ಕರೆದುಕೊಂಡು ಬಂದರು.

"ಎರಡ್ನೇ ಗಾಡಿ ಬೇಕು ಅಂದ್ರಂತೆ ಅಳಿಯಂದ್ರೆ. ಇವ್ರ ಕಣ್ಣು ತಪ್ಪಕ್ಕಿಲ್ಲ. ನಮಗೆ ಬುಡಿ."

ನಾನು ಎಂಥ ಗಾಡಿ ಬೇಕು ಅಂತ ಹೇಳೋಕೆ ಹೋದರೆ ಆ ದಲ್ಲಾಳಿಗೆ ಅದು ಬೇಕಿರಲೇ ಇಲ್ಲ. ಅವರು ನೇರ ಹೋಗಿ ನನ್ನ ಹಳೇ ಬೈಕಿನ ಮುಂದೆ ನಿಂತರು. ಎತ್ತಿಗೆ ಸುಳಿ ಹುಡುಕುವ ಹಾಗೆ ಟ್ಯಾಂಕಿನ ಮೇಲಿನ ಗೀರುಗಳನ್ನೆಲ್ಲ ಬೆರಳಿನಲ್ಲಿ ಸವರಿದರು. ಟವಲು ಹಿಡಿದು ಎತ್ತರ ನೋಡಿದರು. "ಏನ್ ವಯಸ್ಸು?" ಅಂದರು. ಹೇಳಿದೆ. ಮಾರಿಸಿಕೊಡುತ್ತಾರೇನೋ ಅಂದುಕೊಂಡು ನಾನೇ ಸೀಟು ಒರೆಸಿ ತೋರಿಸಿದೆ.

ಮುಂದಿನ ಸೋಮವಾರ ಸ್ಕೂಲಿನಿಂದ ಬಂದಾಗ ಮನೆ ಮುಂದೆ ನನ್ನ ಬೈಕು ಎರಡಿತ್ತು. ಕಣ್ಣು ಉಜ್ಜಿಕೊಂಡೆ. ಅದೇ ಕಪ್ಪು, ಅದೇ ಕಂಪನಿ, ಅದೇ ವರ್ಷ. ಸೀಟು ಹರಿದ ಜಾಗ ಕೂಡ ಒಂದೇ. ಮಾವ ಎರಡರ ಮಧ್ಯೆ ನಿಂತು ಮೀಸೆ ತಿರುವುತ್ತಿದ್ದರು.

"ಚನ್ನಪಟ್ಣದಲ್ಲಿ ಸಿಕ್ತು. ಇಷ್ಟು ಸರಿಯಾದ ಜೋಡಿ ಈ ತಾಲ್ಲೂಕಲ್ಲೇ ಇಲ್ಲ ಬುಡಿ."

"ಮಾವ, ಈ ಗಾಡಿ ದಿಬ್ಬ ಹತ್ತಲ್ಲ ಅಂತ ತಾನೇ ನಾನು ಇನ್ನೊಂದು ಹುಡುಕ್ತಿದ್ದಿದ್ದು?"

"ಒಂಟಿಯಾಗಿತ್ತು, ಹೆಂಗ್ ಹತ್ತೀತು?" ಅಂದರು ಮಾವ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ನಮ್ಮನೆಯವಳು ಚೂಡಿದಾರದ ವೇಲು ಬಿಗಿಯಾಗಿ ಕಟ್ಟಿಕೊಂಡು ಹೊರಗೆ ಬಂದಳು. ಹೊಸ ಹಳೇ ಬೈಕು ಹತ್ತಿದಳು. ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ, ಬೀದಿಯ ಕೊನೆ ತನಕ ಹೋಗಿ, ಕಾಲು ಊರದೆ ತಿರುಗಿಸಿಕೊಂಡು ಬಂದು ನಿಲ್ಲಿಸಿದಳು. ಮದುವೆಗೆ ಮುಂಚೆ ಅವರಪ್ಪನ ಬೈಕಿನಲ್ಲಿ ದಿನಾ ಡೇರಿಗೆ ಹಾಲು ಹಾಕಿ ಬರುತ್ತಿದ್ದಳಂತೆ. ಲೈಸೆನ್ಸೂ ಇತ್ತು, ನನ್ನದಕ್ಕಿಂತ ಹಳೆಯದು.

"ಇದನ್ನ ಯಾಕೆ ಇಷ್ಟು ವರ್ಷ ಹೇಳಲಿಲ್ಲ?" ಅಂದೆ.

"ನೀವೇ ಬಸ್ಸಲ್ಲಿ ಓಡಾಡ್ತಿದ್ರಲ್ಲ. ಬೇಜಾರ್ ಮಾಡ್ಕೋತೀರಿ ಅಂತ ಸುಮ್ನಿದ್ದೆ."

ಮಾರನೇ ದಿನದಿಂದ ಇಬ್ಬರೂ ಜೋಡಿ ಬೈಕಿನಲ್ಲಿ ಪತ್ರಿಕೆ ಹಂಚೋಕೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಚನ್ನಪಟ್ಟಣ, ರಾಮನಗರ ಎಲ್ಲ ಮುಗಿಯಿತು. ಕೊನೆಗೆ ಉಳಿದದ್ದು ಕುದೂರಿನ ಹತ್ತಿರದ ನಮ್ಮ ಸೋದರತ್ತೆ. ಆಕೆಯನ್ನು ಕರೆಯದೆ ನಮ್ಮ ವಂಶದಲ್ಲಿ ಮದುವೆ ಆಗಿಲ್ಲ. ಮಾಗಡಿ ದಾಟಿ ಒಂದು ಏರಿನಲ್ಲಿ ನನ್ನ ಗಾಡಿ ಗೊರಗೊರ ಅಂದು ನಿಂತಿತು. ಎಷ್ಟು ಒದ್ದರೂ ಉಸಿರಿಲ್ಲ. ಅವಳು ಏರಿನ ಮೇಲಿನಿಂದ ತಿರುಗಿಸಿಕೊಂಡು ಬಂದಳು.

"ಅಲ್ಲೇ ಬೀಗ ಹಾಕಿ ನಿಲ್ಸಿ. ಬನ್ನಿ, ಹಿಂದೆ ಕೂತ್ಕಳಿ."

ಬೇರೆ ದಾರಿ ಇರಲಿಲ್ಲ. ಪತ್ರಿಕೆಯ ಚೀಲ, ಕುಂಕುಮದ ಡಬ್ಬಿ ಹಿಡಿದುಕೊಂಡು ಕೂತೆ. ಅದೇ ಥರದ ಬೈಕು, ಅದೇ ಏರು, ಮೇಲೆ ಇಬ್ಬರು. ಒಂದು ಸಲವೂ ಕೆಮ್ಮದೆ ಹತ್ತಿತು. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಹೋಗಬೇಕು ಅನ್ನೋ ನನ್ನ ಆಸೆ ಅಂತೂ ಕೈಗೂಡಿತು.

ಸೋದರತ್ತೆ ಬಾಗಿಲಲ್ಲೇ ನಿಂತು ನಾವು ಬಂದದ್ದನ್ನು ನೋಡುತ್ತಿದ್ದರು. ಹತ್ತಿರ ಬಂದು ನನ್ನ ಮುಖ ದಿಟ್ಟಿಸಿದರು. "ಯಾಕಪ್ಪಾ, ಹಿಂಗೆ ಬೆವ್ತೋಗಿದ್ದೀಯ? ಹೆಂಡ್ತಿ ಹಿಂದೆ ಕೂತ್ಕಳಕ್ಕೆ ಹೆದ್ರಿಕೆ ಆಯ್ತಾ?"

ನಾನು ಬಾಯಿ ತೆರೆಯೋ ಮೊದಲೇ ನಮ್ಮನೆಯವಳು ಕುಂಕುಮದ ಡಬ್ಬಿಗೆ ಕೈ ಚಾಚಿದಳು.

"ಏನಿಲ್ಲ ಬುಡಿ ಅತ್ತೆ, ಇವತ್ತೇ ಪರ್ವಾಗಿಲ್ಲ. ಇವ್ರು ಓಡ್ಸಿ ನಾನು ಹಿಂದೆ ಕೂತಿದ್ದಾಗ ಇವ್ರಿಗೆ ಇನ್ನೂ ಜಾಸ್ತಿ ಹೆದ್ರಿಕೆ ಆಗಿತ್ತು."