ದುಂಡಗಿನ ಭೂಮಿಯ ಮೇಲೆ ಭಾಗಮ್ಮನ ಕುರಿ

ಗದ್ದಲವಿಲ್ಲದ ತರಗತಿಯೆಂದರೆ ಒಳ್ಳೆಯ ತರಗತಿ ಎಂಬುದು ನಮ್ಮ ವೃತ್ತಿಯವರ ಹಳೆಯ ನಂಬಿಕೆ. ನಾನೂ ಅದೇ ನಂಬಿಕೆಯವನು. ನಿಜಾಮರ ಕಾಲದಲ್ಲಿ ಭಾಲ್ಕಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ನಾನು ಹಂಗಾಮಿ ಮಾಸ್ತರನಾಗಿ ಸೇರಿದಾಗ ಎಲ್ಲ ಪಾಠವೂ ಉರ್ದುವಿನಲ್ಲಿ. ಮಕ್ಕಳ ಮನೆಮಾತು ಕನ್ನಡ, ನನ್ನದೂ ಕನ್ನಡ. ಆದರೆ ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ಕನ್ನಡವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದೆವು. ನಾನು 'ಜಮೀನ್ ಗೋಲ್ ಹೈ' ಎನ್ನುವುದು, ಮಕ್ಕಳು ಹಿಂದಕ್ಕೂ ಮುಂದಕ್ಕೂ ತೂಗುತ್ತ ಒಂದೇ ರಾಗದಲ್ಲಿ ಅದನ್ನೇ ಒಪ್ಪಿಸುವುದು. ಮಗ್ಗಿಯೂ ಹಾಗೆಯೇ, ದೋ ದೂನಿ ಚಾರ್. ತೂಗುವುದನ್ನು ನಿಲ್ಲಿಸಿದರೆ ಮಗ್ಗಿಯೂ ನಿಲ್ಲುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಎಂಥ ಶಿಸ್ತು ಎಂದು ನನ್ನ ಬಗ್ಗೆ ನನಗೇ ಗೌರವ ಬಂದಿತ್ತು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಆ ದಿನಗಳಲ್ಲಿ ಜನ ಪಟ್ಟ ಪಾಡು, ಎರಡೂ ಕಡೆಯ ಮನೆಗಳ ಕಣ್ಣೀರು, ಇಂಥ ಹಗುರ ಬರಹದಲ್ಲಿ ಹೇಳುವಂಥದಲ್ಲ. ನಾನು ಹೇಳಬಹುದಾದದ್ದು ನನ್ನ ಶಾಲೆಯ ಸುದ್ದಿ ಮಾತ್ರ. ಇನ್ನು ಮೇಲೆ ಕನ್ನಡದಲ್ಲೇ ಕಲಿಸಬೇಕೆಂದು ಹುಕುಂ ಬಂತು. ಅಪ್ಪನ ಭಾಷೆ, ಏನು ಮಹಾ ಎಂದುಕೊಂಡು ಹಲಗೆಯ ಮುಂದೆ ನಿಂತರೆ ಕೈ ತಾನಾಗಿಯೇ ಬಲತುದಿಗೆ ಹೋಯಿತು. ಉರ್ದು ಬರೆದು ಪಳಗಿದ ಕೈ ಅದು. 'ಬಸವ' ಎಂದು ಬರೆಯಹೊರಟು ಮೊದಲು ಬ ಬರೆದೆ, ಅದರ ಎಡಕ್ಕೆ ಸ, ಅದರ ಎಡಕ್ಕೆ ವ. ಮಕ್ಕಳು ಒಂದಿಷ್ಟೂ ಅನುಮಾನಪಡದೆ ಪಾಟಿಯ ಮೇಲೆ ಹಾಗೆಯೇ ಇಳಿಸಿಕೊಂಡರು. ಮನೆಯಲ್ಲಿ ಅಕ್ಷರ ಬಲ್ಲ ಹಿರಿಯರು ಒಬ್ಬಿಬ್ಬರು ಇದ್ದದ್ದರಿಂದ ಮರುದಿನವೇ ಆ ಬಸವ ನೆಟ್ಟಗಾದ.

ಆದರೆ ಅಸಲಿ ಸಂಕಟ ಅದಲ್ಲ. ಭೂಗೋಳದ ಪಾಠದಲ್ಲಿ ಮೊದಲ ಸಲ 'ಭೂಮಿ ದುಂಡಗಿದೆ' ಎಂದೆ. ಮಕ್ಕಳು ತೂಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕುರಿ ಸಾಕುವ ಮನೆಯ ಹುಡುಗಿ ಭಾಗಮ್ಮ ಎದ್ದು ನಿಂತಳು.

"ಭೂಮಿ ದುಂಡಗದ ಅಂದ್ರ ನಮ್ಮ ಕುರಿ ಹ್ಯಾಂಗ ನಿಂತಾವ್ರಿ ಮಾಸ್ತರ್? ಉರುಳಂಗಿಲ್ಲೇನ್ರಿ?"

ಇಷ್ಟು ವರ್ಷ ಭೂಮಿ ಉರ್ದುವಿನಲ್ಲಿ ದುಂಡಗಿತ್ತು, ಯಾರ ಕುರಿಗೂ ತೊಂದರೆಯಾಗಿರಲಿಲ್ಲ. ನಾನು ಕೆಮ್ಮಿದೆ, ನೀರು ಕುಡಿದೆ, ಕೊನೆಗೆ ಗಂಟೆ ಬಾರಿಸಲು ನಾನೇ ಎದ್ದು ಹೋದೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ಹೆಂಡತಿ ಶರಣಮ್ಮನ ಮುಂದೆ ಇದನ್ನು ತಮಾಷೆಯೆಂಬಂತೆ ಹೇಳಿದೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹುಡುಗಿ ಕೇಳಿದ್ದು ಖರೇ ಅದ, ಯಾಕ ಉರುಳಂಗಿಲ್ಲ ಎಂದು ತಾನೂ ಕೇಳಿದಳು. ಶಾಲೆಯಲ್ಲಿ ಒಬ್ಬಳು ಸಾಲದೆಂದು ಮನೆಯಲ್ಲೂ ಒಬ್ಬಳು ವಿದ್ಯಾರ್ಥಿನಿಯಾದಳು. ಅಂದು ರೊಟ್ಟಿ ಸ್ವಲ್ಪ ಸೀದಿತ್ತು, ಹಾಗೆಯೇ ತಿಂದು ಎದ್ದೆ.

ನಮ್ಮ ಹೆಡ್‌ಮಾಸ್ತರರನ್ನು ಎಲ್ಲರೂ ಸದರ್ ಸಾಬ ಎನ್ನುತ್ತಿದ್ದರು. ಹಳೆಯ ಕಾಲದ ಸಭ್ಯ ಮನುಷ್ಯರು, ಹುಡುಗರನ್ನೂ ಬಹುವಚನದಲ್ಲಿ ಕರೆಯುವವರು. ಅವರ ಬಳಿ ಗೋಳು ತೋಡಿಕೊಂಡೆ. ಅರ್ಥವಾಗುವಂತೆ ಕಲಿಸಿದರೆ ಪ್ರಶ್ನೆಗಳು ಬರುತ್ತವೆ, ಪ್ರಶ್ನೆ ಬಂದರೆ ಪಾಠ ಮುಗಿಯುವುದಿಲ್ಲ, ಏನು ಮಾಡಲಿ ಎಂದೆ. ಅವರು ಗಡ್ಡ ನೀವಿಕೊಂಡರು. "ಮೊದಲ ಯಾದ್ ಮಾಡಸ್ರಿ ಮಾಸ್ತರ್. ಸಮಝ್ ಆಮ್ಯಾಗ ಬರ್ತದ, ಅದಕ್ಕ ಇಡೀ ಜಿಂದಗಿ ಅದಲ್ಲ" ಎಂದರು. ಮೊದಲು ಬಾಯಿಪಾಠ, ಅರ್ಥ ಆಮೇಲೆ ಎಂಬ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಬಹಳ ಅನುಕೂಲಕರವಾಗಿ ಕಂಡಿತು.

ಅಷ್ಟರಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಬೀದರಿನಿಂದ ಸುದ್ದಿ ಬಂತು. ಉರ್ದು ಮಾಸ್ತರರಲ್ಲಿ ಯಾರು ಕನ್ನಡದಲ್ಲಿ ಕಲಿಸಬಲ್ಲರೋ ಅವರನ್ನು ಕಾಯಂ ಮಾಡುವುದು, ಉಳಿದವರನ್ನು ಮನೆಗೆ ಕಳಿಸುವುದು ಅವರ ಕೈಯಲ್ಲಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಮಾಸ್ತರಿಕೆ ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಮಾಸ್ತರಿಕೆಯೂ ಬರುತ್ತದೋ ಇಲ್ಲವೋ ಎಂಬ ಗುಮಾನಿ ಆಗಷ್ಟೇ ಶುರುವಾಗಿತ್ತು. ಭಾಗಮ್ಮನನ್ನು ಕರೆದು, ಸಾಹೇಬರು ಹೋಗುವವರೆಗೆ ಏನೂ ಕೇಳಬೇಡವ್ವ, ಆಮೇಲೆ ಎಷ್ಟು ಬೇಕಾದರೂ ಕೇಳು ಎಂದು ಬೇಡಿಕೊಂಡೆ. ಅವಳು ಉದಾರವಾಗಿ ಒಪ್ಪಿದಳು.

ಸಾಹೇಬರು ಬಂದರು. ಮುಂಬಯಿ ಪ್ರಾಂತದ ಕಡೆಯಿಂದ ಹೊಸದಾಗಿ ಬಂದವರು, ಕನ್ನಡದ ಮೇಲೆ ಅಪಾರ ಪ್ರೀತಿಯುಳ್ಳವರು. ತರಗತಿಯ ನಡುವೆ ನಿಂತು ಕಣ್ಣರಳಿಸಿ ಕೇಳಿದರು, "ಮಕ್ಕಳೇ, ವಸುಂಧರೆಯ ಗೋಳಾಕೃತಿಯು ನಿಮಗೆ ಮನೋಗತವಾಗಿದೆಯಷ್ಟೇ?"

ಆಗ ಒಂದು ವಿಚಿತ್ರ ನಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ತೂಗತೊಡಗಿದರು. ಸ್ವಲ್ಪ ಹೊತ್ತಿಗೆ ಇಡೀ ತರಗತಿ, ಹಳೆಯ ದಿನಗಳಂತೆ, ಹಿಂದಕ್ಕೂ ಮುಂದಕ್ಕೂ ತೂಗುತ್ತ ಒಂದೇ ರಾಗದಲ್ಲಿ 'ಹೌದ್ರಿ' ಎಂದಿತು. ಸಾಹೇಬರು ಇನ್ನೂ ಒಂದೆರಡು ಅಂಥವೇ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಹೌದ್ರಿ. ಅವರ ಮುಖ ಅರಳಿತು. ಇಂಥ ಗ್ರಹಣಶಕ್ತಿಯನ್ನು ಇಡೀ ಜಿಲ್ಲೆಯಲ್ಲಿ ಕಾಣಲಿಲ್ಲವೆಂದು ಸದರ್ ಸಾಬರಿಗೆ ಹೇಳಿ, ಇವರನ್ನು ಕಾಯಂ ಮಾಡಲು ನನ್ನ ಅಡ್ಡಿಯಿಲ್ಲ ಎಂದು ನನ್ನ ಕಡೆ ಕೈ ತೋರಿಸಿ ಹೊರಟರು.

ಅವರ ಜೀಪಿನ ಧೂಳು ಅಡಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಕುಣಿಯುವಷ್ಟು ಸಂತೋಷವಾಗಿತ್ತು. ತಿರುಗಿದರೆ ಭಾಗಮ್ಮ ಎದ್ದು ನಿಂತಿದ್ದಳು. ಈಗ ಕೇಳಬಹುದೇ ಎಂದಳು. ಧಾರಾಳವಾಗಿ ಕೇಳು ಎಂದೆ.

"ಸಾಹೇಬರು ಏನ್ ಕೇಳಿದ್ರೋ ನಮಗ್ಯಾರಿಗೂ ತಿಳೀಲಿಲ್ರಿ. ನೀವು ತೂಗಿ ಹೌದ್ರಿ ಅಂದ್ರಿ, ಅದಕ್ಕ ನಾವೂ ಅಂದೇವಿ. ಏನ್ ಕೇಳಿದ್ರು ಹೇಳ್ರಿ ಮಾಸ್ತರ್."

ನಾನು ತೂಗಿದ್ದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಸಾಲಿನ ಪಕ್ಕದಲ್ಲಿ ನಿಂತಿದ್ದವನು ನಾನೇ. ಮಕ್ಕಳಿಗೆ ತಿಳಿದಿದೆ ಎಂದುಕೊಂಡು ಅವರ ದನಿಗೆ ದನಿ ಸೇರಿಸುತ್ತಿದ್ದೇನೆಂದೇ ನಾನು ತಿಳಿದಿದ್ದೆ, ಅಷ್ಟೇ. ಸಾಹೇಬರ ಆ ವಾಕ್ಯ ಮಾತ್ರ ಹೆದರಿಕೆಗೆ ಅಕ್ಷರ ಬಿಡದೆ ಬಾಯಿಪಾಠವಾಗಿತ್ತು. ಅದರ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸದರ್ ಸಾಬರು ಹೇಳಿದ ಕ್ರಮದಲ್ಲೇ. ಆದರೆ ಅಂದು ಇಡೀ ತರಗತಿ ನನ್ನ ಬಾಯಿ ನೋಡುತ್ತಿತ್ತು, ನಾನು ಆಗಷ್ಟೇ ಕಾಯಂ ಆಗಿದ್ದೆ.

"ಭಾಗಮ್ಮ," ಎಂದೆ, "ಆ ಕುರಿದೇ ಕೇಳವ್ವ."